ಒಂದು ರೂಮೋ ಎರಡು ರೂಮೋ

ಭುಜದ ಮೇಲೆ ಏನೋ ಭಾರ, ಹಿಟ್ಟಿನ ಮೂಟೆ ಹೊತ್ತ ಹಾಗೆ, ಅಲ್ಲ, ಮೂಟೆ ಇಷ್ಟು ಬೆಚ್ಚಗಿರುವುದಿಲ್ಲ, ಮೂಟೆಗೆ ತಲೆಯೆಣ್ಣೆಯ ವಾಸನೆ ಇರುವುದಿಲ್ಲ – ಇವಳ ತಲೆ, ಜಾರಿ ಜಾರಿ ಕೊನೆಗೂ ನನ್ನ ಭುಜಕ್ಕೆ ಬಂದು ನಿಂತಿದೆ, ಕನ್ನಡಕ ಓರೆಯಾಗಿದೆ, ತೆಗೆಯಲೇ, ಬೇಡ, ತೆಗೆದರೆ ಎಚ್ಚರವಾದೀತು, ಅಲುಗಾಡಬೇಡ ಮಹರಾಯ, ಉಸಿರನ್ನೂ ಹದವಾಗಿ ಬಿಡು. ವಿಮಾನ ಗುಂಯ್ ಅನ್ನುತ್ತಿದೆ, ದೀಪ ಆರಿಸಿ ಎಷ್ಟೋ ಹೊತ್ತಾಯಿತು, ಮುಂದಿನ ಸಾಲುಗಳಲ್ಲಿ ಜನ ಕಂಬಳಿ ಹೊದ್ದು ಎತ್ತೆತ್ತಲೋ ಕತ್ತು ವಾಲಿಸಿಕೊಂಡು ಬಿದ್ದಿದ್ದಾರೆ, ನಾನೊಬ್ಬ ಗೂಬೆಯ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿದ್ದೇನೆ. ಕೈಗಡಿಯಾರದಲ್ಲಿ ಇನ್ನೂ ಮನೆಯ ಹೊತ್ತೇ ಇದೆ, ಎರಡು ಗಂಟೆ, ಎರಡು ಗಂಟೆ ಅಂದರೆ ಎರಡನೆಯ ಸಲದ ಹಿಟ್ಟು, ಮೊದಲನೆಯದು ಉಬ್ಬಿ ಅಚ್ಚಿಗೆ ಹೋಗಿರಬೇಕು, ಭಟ್ಟಿ ಕಾದಿರಬೇಕು, ಮೂವತ್ತೊಂದು ವರ್ಷ ಈ ಹೊತ್ತಿಗೆ ನಾನು ಮೊಣಕೈವರೆಗೂ ಹಿಟ್ಟಿನಲ್ಲಿದ್ದವನು, ಬೇಕರಿ ಬಿಟ್ಟು ಮೂರು ತಿಂಗಳಾಯಿತು, ಆದರೆ ಆ ಸುದ್ದಿಯನ್ನು ಈ ಮೈಗೆ ಯಾರೂ ಮುಟ್ಟಿಸಿದ ಹಾಗಿಲ್ಲ. ಬೆರಳುಗಳು ನೋಡು, ಕಂಬಳಿಯ ಅಂಚನ್ನೇ ಹಿಡಿದು ಹಿಸುಕುತ್ತಿವೆ, ಬಿಡು, ಕಂಬಳಿ ಉಬ್ಬುವುದಿಲ್ಲ.

ಇವತ್ತೊಂದು ರಾತ್ರಿ ನಿದ್ದೆ ಮಾಡಲೇಬೇಕು, ಮನುಷ್ಯರ ಹಾಗೆ, ಹೆಂಡತಿಯ ಪಕ್ಕದಲ್ಲಿ, ಬೆಳಗಿನವರೆಗೂ. ವಿಮಾನ ಹತ್ತುವ ಮುಂಚೆ ಕಾಯುವ ಕುರ್ಚಿಗಳಲ್ಲಿ ಕೂತಿದ್ದಾಗ ಇವಳ ತಂಗಿಯ ಫೋನು ಬಂತು, ಆರು ತಿಂಗಳು ಅವಳ ಮನೆಯಲ್ಲಿರುವುದು ಅಂತ ತಾನೇ ನಾವು ಹೊರಟಿರುವುದು, ಅವಳಿಗೆ ನಾನಿಟ್ಟ ಹೆಸರು ರೇಡಿಯೋ, ಒಮ್ಮೆ ಹಚ್ಚಿದರೆ ಆರಿಸುವ ಗುಂಡಿಯೇ ಇಲ್ಲ, ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದರೂ ಅಕ್ಕಪಕ್ಕದ ನಾಲ್ಕು ಕುರ್ಚಿಗೆ ಕೇಳಿಸುವ ಗಂಟಲು, ಅಕ್ಕಾ ಹಾಸಿಗೆ ಸರಿ ಮಾಡಿಡ್ಬೇಕು, ಒಂದು ರೂಮೋ ಎರಡು ರೂಮೋ ಬೇಗ ಹೇಳು, ಭಾವಂಗೆ ಬೇರೆ ಹಾಕ್ಲಾ, ನೀನೇ ಹೇಳ್ತಿದ್ಯಲ್ಲ ಈಗ ಮನೇಲೂ ಬೇರೆ ಬೇರೆ ಮಲಗೋದು ಅಂತ, ಒಂದ್ಸಲ ಹಾಕಿದ್ಮೇಲೆ ಮಂಚ ಎಳೆದಾಡೋಕೆ ನನ್ನ ಸೊಂಟ ಕೇಳಲ್ಲ ನೋಡು. ಇವಳು ನನ್ನ ಕಡೆ ಒಮ್ಮೆ ತಿರುಗಿದಳು, ನಾನು ಎದುರಿನ ಫಲಕವನ್ನು ಬಾಯಿಪಾಠ ಮಾಡುವವನ ಹಾಗೆ ಓದುತ್ತಿದ್ದೆ, ಯಾವುದೋ ವಿಮಾನ ನಲವತ್ತು ನಿಮಿಷ ತಡ, ತಡವಾದರೆ ನನಗೇನು, ಇವಳು ಅಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು, ಇಳಿದ ಮೇಲೆ ಹೇಳ್ತೀನಿ ಕಣೆ. ಒಂದು ಅನ್ನಲಿಲ್ಲ. ಎರಡು ಅಂತಲೂ ಅನ್ನಲಿಲ್ಲ. ಇಳಿದ ಮೇಲೆ. ಅಂದರೆ ಈ ರಾತ್ರಿಯೇ ನನಗೆ ಪರೀಕ್ಷೆ, ಅಲ್ಲಾಡದೆ ಏಳದೆ ಗೊಣಗದೆ ಮಲಗಿ ತೋರಿಸಿದರೆ ಒಂದು ರೂಮು, ಇಲ್ಲದಿದ್ದರೆ ಎರಡು, ಈ ವಯಸ್ಸಿನಲ್ಲಿ ಹೆಂಡತಿಯ ಕೈಯಲ್ಲಿ ಫೇಲಾಗುವುದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿಲ್ಲ.

ಆದರೂ ನೋಡು ಎಂಥ ಸೋಜಿಗ, ಇವಳು ಮಲಗಿರುವುದನ್ನು ನಾನು ನೋಡುತ್ತಿರುವುದೇ ಹೊಸದು, ಮದುವೆಯಾಗಿ ಮೂವತ್ತು ದಾಟಿದೆ, ಹೆಂಡತಿ ಯಾವ ಮಗ್ಗುಲಿಗೆ ನಿದ್ದೆ ಮಾಡುತ್ತಾಳೆ ಅಂತ ಯಾರಾದರೂ ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದೆ. ನಾನು ರಾತ್ರಿ ಹತ್ತಕ್ಕೆ ಹೊರಡುವವನು, ಇವಳು ಬಾಗಿಲವರೆಗೂ ಬಂದು ಹುಷಾರು ಅನ್ನುವಳು, ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ನಾನು ಮೆಟ್ಟಿಲಿಳಿಯುವುದು, ಬೆಳಿಗ್ಗೆ ನಾನು ಬರುವ ಹೊತ್ತಿಗೆ ಇವಳು ಅಂಚೆ ಕಚೇರಿಯ ಮೂರನೆಯ ಕೌಂಟರಿಗೆ ಹೊರಟಾಗಿರುತ್ತಿತ್ತು, ಕೆಲವು ಸಲ ಬೀದಿಯ ತಿರುವಿನಲ್ಲಿ ಎದುರಾಗುವುದು, ಮೈಯೆಲ್ಲ ಹಿಟ್ಟು ನೋಡ್ರೀ, ಅಂತ ನನ್ನ ಹುಬ್ಬು ಒರೆಸಿ ಓಡಿಬಿಡುವಳು. ಇಬ್ಬರಿಗೂ ಒಂದೇ ದಿನ ರಜೆ ಬಂದದ್ದು ಬೆರಳೆಣಿಕೆಯಷ್ಟು, ಆ ರಾತ್ರಿಗಳಲ್ಲೂ ನಾನು ಎರಡಕ್ಕೆ ಎದ್ದು ಹೊರಗೆ ಕೂರುವವನು. ನೀವಿಬ್ರೂ ಗಂಡ ಹೆಂಡ್ತಿನಾ ಇಲ್ಲ ಪಾಳಿ ಬದಲಾಯಿಸೋ ವಾಚ್‌ಮನ್‌ಗಳಾ ಭಾವ, ಅಂತ ರೇಡಿಯೋ ಎಷ್ಟು ಸಲ ಕೇಳಿಲ್ಲ, ನಾನು ನಗುತ್ತಿದ್ದೆ, ನಮ್ಮ ಮನೆಯ ಹಾಸಿಗೆ ಯಾವತ್ತೂ ತಣ್ಣಗಾಗಲ್ಲಮ್ಮ ಅನ್ನುತ್ತಿದ್ದೆ, ಅದು ನಿಜವೇ, ಬೆಳಿಗ್ಗೆ ಬಂದು ಮಲಗಿದರೆ ಇವಳಿದ್ದ ಕಡೆ ಇನ್ನೂ ಬಿಸಿ ಇರುತ್ತಿತ್ತು, ನನ್ನ ಜಾಗ ಬಿಟ್ಟು ಇವಳ ತಗ್ಗಿನಲ್ಲೇ ಮುದುರಿಕೊಳ್ಳುತ್ತಿದ್ದೆ, ಇವಳ ದಿಂಬಿಗೆ ಮೂಗು ಒತ್ತಿ – ಅದನ್ನು ಇವಳಿಗೆ ಹೇಳಿಲ್ಲ, ಹೇಗೆ ಹೇಳುವುದು, ನಾಚಿಕೆ. ಬಾಯಿ ತುಸು ತೆರೆದಿದೆ ಈಗ, ಮೇಲ್ತುಟಿ ಅದುರುತ್ತದೆ, ಎಷ್ಟು ಚಿಕ್ಕವಳ ಹಾಗೆ ಕಾಣುತ್ತಾಳೆ, ಕೌಂಟರಿನ ಹಿಂದೆ ಕೂತು ಮುಂದಿನವರು ಬನ್ನಿ ಅಂತ ಗದರುವವಳು ಇವಳೇನಾ.

ಮಾತು ನಡೆಯುತ್ತಿದ್ದದ್ದೆಲ್ಲ ಚೀಟಿಯಲ್ಲಿ, ಗಡಿಯಾರದ ಕೆಳಗೆ ಮಡಿಸಿಟ್ಟ ಚೀಟಿ, ಇವಳು ಕೆಲಸಕ್ಕೆ ಸೇರಿದ್ದು ತಂತಿ ವಿಭಾಗಕ್ಕೆ, ಜನ ತರುವ ಉದ್ದುದ್ದ ಗೋಳನ್ನು ಆರು ಪದಕ್ಕೆ ಇಳಿಸುವುದೇ ಕಸುಬು, ತಂತಿ ನಿಂತುಹೋದರೂ ಇವಳ ಕೈ ನಿಲ್ಲಲಿಲ್ಲ. ಹಾಲು ಬಂದಿದೆ. ಕಾಯಿಸಿ. ನಲ್ಲಿ ಸೋರುತ್ತಿದೆ. ನೋಡಿ. ಮೊಣಕಾಲಿಗೆ ಎಣ್ಣೆ. ಮರೆಯಬೇಡಿ. ಮದುವೆಯಾದ ಹೊಸತರಲ್ಲಿ ಒಂದು ಜಗಳವೂ ಹಾಗೇ, ಸಿಟ್ಟು ಬಂದಿದೆ. ಸಂಜೆ ಆಡುವೆ. ನಾನು ಹಿಂಬದಿಗೆ ಸರಿ ಅಂತ ಬರೆದಿಟ್ಟೆ, ಸಂಜೆ ಬಂದವಳು ಸಿಟ್ಟು ಮರೆತು ನಕ್ಕಳು, ಒಂದೇ ಪದದಲ್ಲಿ ಮುಗಿಸಿಬಿಟ್ರಾ, ನನಗಿಂತ ಜುಗ್ಗ ನೀವು. ಆಮೇಲೆ ನನ್ನ ಮೊಣಕಾಲು ಕೈಕೊಟ್ಟಿತು, ಬೇಕರಿಯನ್ನು ಜೊತೆಯವನಿಗೆ ಬಿಟ್ಟುಕೊಟ್ಟೆ, ಮೊದಲ ರಾತ್ರಿ ಇಬ್ಬರೂ ಒಂದೇ ಹೊತ್ತಿಗೆ ಹಾಸಿಗೆಗೆ ಬಂದೆವು, ಹೊಸದಾಗಿ ಮದುವೆಯಾದವರ ಹಾಗೆ ಆ ಕಡೆ ಈ ಕಡೆ ನೋಡಿಕೊಂಡು, ಈಗೇನು ಮಾಡೋದು ಅಂದೆ, ನಿದ್ದೆ ಮಾಡೋದು ಅಂದಳು. ಎರಡು ಗಂಟೆಗೆ ಸರಿಯಾಗಿ ಕಣ್ಣು ಬಿಟ್ಟಿತು. ಅಡುಗೆಮನೆಗೆ ಹೋದೆ, ಸುಮ್ಮನೆ ಕೂತೆ, ಸುಮ್ಮನೆ ಕೂರಲು ಕೈ ಬಿಡಬೇಕಲ್ಲ, ಡಬ್ಬದಲ್ಲಿದ್ದ ಹಿಟ್ಟು ತೆಗೆದು ನಾದಿದೆ, ಬೆಳಗಾಗುವಷ್ಟರಲ್ಲಿ ಹನ್ನೆರಡು ಬನ್, ತಿನ್ನುವವರು ಇಬ್ಬರು. ಹೀಗೆ ಹನ್ನೊಂದು ರಾತ್ರಿ, ಅಕ್ಕಪಕ್ಕದ ಮನೆಯವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವಷ್ಟು ಬನ್ ಹಂಚಿದೆ, ಇವಳು ಕೆಂಪು ಕಣ್ಣು ಮಾಡಿಕೊಂಡು ಕೌಂಟರಿಗೆ ಹೋಗುವಳು. ಹನ್ನೆರಡನೆಯ ಬೆಳಿಗ್ಗೆ ಗಡಿಯಾರದ ಕೆಳಗೆ ಚೀಟಿ. ಎದ್ದು ಹೋದರೆ ನಿದ್ದೆ ಇಲ್ಲ. ಹಾಲ್‌ನಲ್ಲಿ ಮಲಗುವೆ.

ಅಷ್ಟೇ. ಆರೇ ಪದ. ಓದಿ ಮುಖ ಸುಟ್ಟಂತಾಯಿತು, ನಾನು ಎದ್ದು ಹೋಗಿ ಇವಳ ನಿದ್ದೆ ಕೆಡಿಸುತ್ತಿದ್ದೇನೆ, ಪಾಪ ದಿನವಿಡೀ ದುಡಿಯುವವಳು, ಸೋಫಾ ಮೇಲಾದರೂ ನೆಮ್ಮದಿಯಾಗಿ ಮಲಗಲಿ. ಆಮೇಲೆ ಎರಡು ಗಂಟೆಗೆ ಕಳ್ಳನ ಹಾಗೆ ಹಾಲ್ ದಾಟುವುದು ಕಲಿತೆ, ತುದಿಗಾಲಿನಲ್ಲಿ, ಈ ಮೊಣಕಾಲು ಇಟ್ಟುಕೊಂಡು, ಅಡುಗೆಮನೆಯ ಪರದೆ ಎಳೆದು, ಬೆಳಕು ಇವಳ ಮುಖಕ್ಕೆ ಬಿದ್ದೀತು ಅಂತ ಮೂರನೆಯ ದಿನದಿಂದ ದೀಪವನ್ನೇ ಹಾಕಲಿಲ್ಲ, ಕತ್ತಲಲ್ಲೇ ನಾದಿದೆ, ಕೈಗೆ ದೀಪ ಯಾಕೆ. ಒಮ್ಮೆ ಮುಚ್ಚಳ ಬಿತ್ತು, ಉಸಿರು ಹಿಡಿದು ನಿಂತೆ, ಆ ಕಡೆ ಸೋಫಾ ಕಿರ್ರ್ ಅಂತು, ಒಂದು ಸಣ್ಣ ಕೆಮ್ಮು, ಮತ್ತೆ ಏನಿಲ್ಲ. ಬೆಳಿಗ್ಗೆ ಕೇಳುವಳು, ನಿದ್ದೆ ಬಂತಾ. ಬಂತು, ನಿನಗೆ. ಬಂತು. ಸುಳ್ಳರು ಇಬ್ಬರೂ. ಎರಡು ತಿಂಗಳು ಹೀಗೇ ಕಳೆಯಿತು, ಮೊನ್ನೆ ಇವಳೂ ನಿವೃತ್ತಳಾದಳು, ಹಾರ ತುರಾಯಿ ಎಲ್ಲ ಆಯಿತು, ಮನೆಗೆ ಬಂದು ಕೂತವಳು ತಂಗಿ ಮನೆಗೆ ಹೋಗೋಣ್ವಾ ಅಂದಳು, ಹೋಗೋಣ ಅಂದೆ, ಜಾಗ ಬದಲಾದರೆ ನಿದ್ದೆಯಾದರೂ ಬದಲಾದೀತು.

ಬಾ ನಿದ್ದೆಯೇ ಬಾ. ಕತ್ತಿಗೆ ಹಾಕಿಕೊಳ್ಳಲು ರೇಡಿಯೋ ಹೇಳಿದ ಉಂಗುರದ ದಿಂಬು ತಂದಿದ್ದೇವೆ, ಅದನ್ನು ನೋಡಿದರೆ ಉಬ್ಬದೆ ಉಳಿದ ಹಿಟ್ಟಿನ ಹಾಗಿದೆ, ಹಾಕಿಕೊಂಡರೆ ಕತ್ತು ಅಚ್ಚಿನಲ್ಲಿ ಕೂತ ಬ್ರೆಡ್ಡಿನ ಹಾಗೆ. ಭಾವ, ನಾಲ್ಕು ಎಣಿಸೋವರೆಗೂ ಉಸಿರು ಎಳ್ಕೊಳ್ಳಿ, ಏಳರವರೆಗೂ ಹಿಡ್ಕೊಳ್ಳಿ, ಎಂಟರವರೆಗೂ ಬಿಡಿ, ಸತ್ತವರ ಹಾಗೆ ನಿದ್ದೆ ಬರುತ್ತೆ – ಏಳಕ್ಕೆ ಕೆಮ್ಮು ಬಂತು, ನುಂಗಿಕೊಂಡೆ, ಕಣ್ಣಲ್ಲಿ ನೀರು. ಎಣಿಸಿದರೆ ನಿದ್ದೆ ಬರುತ್ತದೆ ಅನ್ನುತ್ತಾರೆ, ಏನನ್ನು ಎಣಿಸಲಿ, ಬ್ರೆಡ್ಡನ್ನೇ ಎಣಿಸಿದೆ, ಒಂದು ಟ್ರೇಗೆ ಹನ್ನೆರಡು, ಎರಡು ಟ್ರೇಗೆ ಇಪ್ಪತ್ನಾಲ್ಕು, ಹದಿನೆಂಟನೆಯ ಟ್ರೇ ಮುಟ್ಟುವಷ್ಟರಲ್ಲಿ ಭಟ್ಟಿಯ ಬಾಗಿಲು ಸರಿಯಾಗಿ ಮುಚ್ಚಿದೆಯೋ ಇಲ್ಲವೋ ಅಂತ ಎದೆ ಧಸಕ್ಕೆಂದು ಇದ್ದ ಮಂಪರೂ ಹೋಯಿತು. ಮುಂದೆಲ್ಲೋ ಮಗು ಕುಸುಗುಟ್ಟುತ್ತದೆ, ಅದರಪ್ಪ ಓಣಿಯಲ್ಲಿ ಎತ್ತಿಕೊಂಡು ತೂಗುತ್ತ ನಡೆಯುತ್ತಾನೆ, ನನ್ನ ಕಣ್ಣು ಕಂಡು ಅಯ್ಯೋ ನಿಮ್ಮನ್ನೂ ಎಬ್ಬಿಸಿಬಿಟ್ಟಿತಾ ಸಾರ್ ಅನ್ನುತ್ತಾನೆ, ಇಲ್ಲಪ್ಪ, ನನ್ನನ್ನು ಎಬ್ಬಿಸಿದವರು ಬೇರೆ. ಅರೆ, ಇದೇನು, ಇವಳ ಕೈ ಕಂಬಳಿಯಿಂದ ಹೊರಬಂದು ನನ್ನ ತೊಡೆಯ ಮೇಲೆ ತಪ್, ತಪ್, ಎರಡೇಟು, ಮತ್ತೆ ಕಂಬಳಿಯೊಳಕ್ಕೆ. ನಗು ಬಂತು, ಸೀಲು ಹೊಡೆಯುತ್ತಿದ್ದಾಳೆ, ನಿವೃತ್ತಳಾಗಿ ಇನ್ನೂ ಹದಿನೈದು ದಿನ ಆಗಿಲ್ಲ, ನಿದ್ದೆಯಲ್ಲೂ ಕಾಗದಕ್ಕೆ ಸೀಲು, ನಾನು ಕಂಬಳಿ ನಾದುವುದು ಇವಳು ತೊಡೆಗೆ ಸೀಲು ಹೊಡೆಯುವುದು, ಸರಿಯಾದ ಜೋಡಿ. ಹೊಡಿ ಹೊಡಿ, ನನ್ನನ್ನೂ ಯಾವುದಾದರೂ ಊರಿಗೆ ಕಳಿಸಿಬಿಡು. ಮತ್ತೆ ಬಂತು, ತಪ್, ಆ ಕೈಯ ಮೇಲಿನ ನರ ನೋಡು, ಬೆರಳಿನ ತುದಿಯಲ್ಲಿ ಇನ್ನೂ ಶಾಯಿಯ ಕಲೆ, ಎಷ್ಟು ಮುದ್ದು ಅನ್ನಿಸುತ್ತದೆ ನನಗೆ ಇವಳನ್ನು ಕಂಡರೆ, ಎದ್ದಿರುವಾಗ ಹೇಳಿದರೆ ಹೋಗ್ರೀ ಸಾಕು ಅನ್ನುತ್ತಾಳೆ.

ನಾಲ್ಕು ಗಂಟೆ. ಅಲ್ಲಾಡದೆ ಎರಡು ಗಂಟೆ ಕೂತೆ, ಭುಜ ಜೋಮು ಹಿಡಿದು ಯಾರದೋ ಭುಜವಾಗಿದೆ, ಪಾಸಾದೆ ಅಂತಲೇ ಲೆಕ್ಕ, ಇನ್ನು ಎರಡು ಮೂರು ಗಂಟೆ ಹೀಗೇ – ವಾಸನೆ. ಬ್ರೆಡ್. ಹಿಂದಿನ ಪರದೆಯ ಆಚೆಯಿಂದ, ನಮ್ಮದು ಕೊನೆಯ ಸಾಲು, ಬೆಳಗಿನ ತಿಂಡಿಗೆ ಬನ್ ಬಿಸಿ ಮಾಡುತ್ತಿದ್ದಾರೆ, ಹಳೆಯ ಬನ್ನೇ, ತಣ್ಣಗೆ ಇಟ್ಟಿದ್ದು, ಆದರೂ ಬ್ರೆಡ್ ಬ್ರೆಡ್ಡೇ. ಮೂಗು ಮುಚ್ಚಿಕೋ, ಅದು ನಿನ್ನ ಭಟ್ಟಿಯಲ್ಲ. ಆದರೆ ವಾಸನೆ ಬದಲಾಗುತ್ತಿದೆಯಲ್ಲ, ಕೆಂಪು ದಾಟಿ ಕಂದು, ಕಂದು ದಾಟಿ – ಅಯ್ಯೋ, ತಳ ಸೀಯುತ್ತಿದೆ, ಯಾರೂ ನೋಡುತ್ತಿಲ್ಲವೇ, ಎದ್ದರೆ ಫೇಲು, ಏಳದಿದ್ದರೆ ಬನ್ ಇದ್ದಿಲಾಗುತ್ತದೆ, ಮೂವತ್ತೊಂದು ವರ್ಷದಲ್ಲಿ ಕಣ್ಣೆದುರಿಗೆ ಒಂದು ಟ್ರೇ ಸೀಯಲು ಬಿಟ್ಟವನಲ್ಲ ನಾನು. ಇವಳ ತಲೆಯನ್ನು ಎರಡು ಕೈಯಲ್ಲಿ ಎತ್ತಿ, ಮೆಲ್ಲಗೆ, ಉಬ್ಬಿದ ಹಿಟ್ಟನ್ನು ಎತ್ತುವ ಹಾಗೆ, ಉಂಗುರದ ದಿಂಬನ್ನು ಕಿಟಕಿಗೆ ಒತ್ತಿ ಅದರ ಮೇಲಿಟ್ಟೆ, ಏಳಲಿಲ್ಲ. ಪರದೆ ಸರಿಸಿದರೆ ಗಗನಸಖಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ಲೋಟ ಜೋಡಿಸುತ್ತಿದ್ದಾಳೆ, ಏನಾದ್ರೂ ಬೇಕಿತ್ತಾ ಅಂಕಲ್. ಏನೂ ಬೇಡಮ್ಮ, ನಿಮ್ಮ ಬನ್ ಸೀಯ್ತಾ ಇದೆ. ಇಲ್ಲ ಅಂಕಲ್, ಇನ್ನೂ ನಾಲ್ಕು ನಿಮಿಷ ತೋರಿಸ್ತಿದೆ. ಅದಕ್ಕೆ ಮೂಗಿಲ್ಲಮ್ಮ, ನನಗಿದೆ, ತೆಗಿ ಮೊದಲು. ತೆಗೆದಳು, ಹೊಗೆ, ಕೆಳಗಿನ ಟ್ರೇ ಪೂರಾ ಕಪ್ಪು, ಮಿಕ್ಕವು ಬಚಾವು, ಅಯ್ಯಯ್ಯೋ ಥ್ಯಾಂಕ್ಸ್ ಅಂಕಲ್, ಅಂತ ಮೇಲಿನ ಟ್ರೇಯಿಂದ ಒಂದನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟಳು, ಆಂಟಿಗೊಂದು ಕೊಡ್ಲಾ. ಬೇಡಮ್ಮ, ಅವಳು ಮಲಗಿದಾಳೆ, ಒಳ್ಳೇ ನಿದ್ದೆ. ಬಿಸಿ ಬನ್ ಅಂಗೈಯಲ್ಲಿ, ಗೆದ್ದವನ ಹಾಗೆ ಪರದೆ ದಾಟಿ ಬಂದೆ, ಬಂದು ನಿಂತೆ.

ಇವಳ ಕೈ. ನನ್ನ ಸೀಟಿನ ಮೇಲೆ. ಏಳುತ್ತದೆ, ಬೀಳುತ್ತದೆ, ಬಟ್ಟೆಯ ಮೇಲೆ ಅಂಚಿನವರೆಗೂ ಸವರಿಕೊಂಡು ಹೋಗುತ್ತದೆ, ಅಲ್ಲಿ ಯಾರೂ ಇಲ್ಲ, ತುಸು ನಿಲ್ಲುತ್ತದೆ, ಮತ್ತೆ ಏಳುತ್ತದೆ. ಸೀಲು ಹೊಡೆಯುವಾಗ ಮುಷ್ಟಿ ಬಿಗಿಯಾಗಿರುತ್ತದೆ, ಎಷ್ಟು ಸಲ ಕೌಂಟರಿನ ಈಚೆ ನಿಂತು ನೋಡಿಲ್ಲ ನಾನು, ಇದು ಮುಷ್ಟಿಯಲ್ಲ, ಅಂಗೈ, ಪೂರ್ತಿ ಬಿಚ್ಚಿದ ಅಂಗೈ, ಸೀಲಲ್ಲ ಇದು, ಹುಡುಕುತ್ತಿರುವುದು. ಕಣ್ಣು ಮುಚ್ಚಿಯೇ ಇದೆ, ನಿದ್ದೆ ಇದೆಯೋ ಇಲ್ಲವೋ, ಕೈಗೆ ಮಾತ್ರ ದಾರಿ ಗೊತ್ತು, ಇವತ್ತು ಕಲಿತದ್ದಲ್ಲ ಇದು, ಹತ್ತು ಗಂಟೆಗೆ ಚಿಲಕ ಹಾಕಿ ಬಂದು ಮಲಗಿ, ನಾನು ಮೆಟ್ಟಿಲಿಳಿಯುತ್ತಿರುವಾಗ, ನಾನು ಭಟ್ಟಿಗೆ ಸೌದೆ ಒಡ್ಡುತ್ತಿರುವಾಗ, ನಾನು ಮೊಣಕೈವರೆಗೂ ಹಿಟ್ಟಿನಲ್ಲಿರುವಾಗ, ಅಲ್ಲಿ ಈ ಕೈ ನನ್ನ ಜಾಗವನ್ನು ಹೀಗೆ, ಮೂವತ್ತೊಂದು ವರ್ಷ – ನಾನು ಬೆಳಿಗ್ಗೆ ಬಂದು ಇವಳ ಬಿಸಿಯಲ್ಲಿ ಮಲಗಿದೆ, ಇವಳಿಗೆ ಸಿಕ್ಕಿದ್ದು ತಣ್ಣನೆಯ ಅರ್ಧ. ಎದ್ದು ಹೋದರೆ ನಿದ್ದೆ ಇಲ್ಲ. ಅಯ್ಯೋ ಜುಗ್ಗಿ, ಪದ ಉಳಿಸಿದ ಜುಗ್ಗಿ, ನೀವು ಎದ್ದು ಹೋದರೆ ನನಗೆ ನಿದ್ದೆ ಇಲ್ಲ, ಅದಕ್ಕೇ ಹಾಲ್‌ನಲ್ಲಿ ಮಲಗುವೆ, ಹತ್ತಿರ ಇರಲು, ಈ ಹತ್ತಿರ ಅನ್ನುವ ಒಂದು ಪದ ಹಾಕಿದ್ದರೆ ನಿನ್ನ ಗಂಟು ಹೋಗುತ್ತಿತ್ತೇನೇ. ನಾನಾದರೂ ಯೋಚಿಸಬಾರದಿತ್ತೇ, ನೆಮ್ಮದಿ ಬೇಕಿದ್ದರೆ ಹಿಂದಿನ ಕೋಣೆ ಇತ್ತು, ಮಂಚ ಇತ್ತು, ಬಾಗಿಲು ಇತ್ತು, ಅದನ್ನೆಲ್ಲ ಬಿಟ್ಟು ಅಡುಗೆಮನೆಗೆ ಅಂಟಿಕೊಂಡ ಹಾಲ್‌ನಲ್ಲಿ, ನಡುವೆ ಒಂದು ಪರದೆ ಅಷ್ಟೇ, ಆ ಕುಳ್ಳ ಸೋಫಾ ಮೇಲೆ ಕಾಲು ಮಡಿಸಿಕೊಂಡು ಯಾರಾದರೂ ಮಲಗುತ್ತಾರೆಯೇ. ನನ್ನ ಬೆಳಕು ಬೀಳುವ ಜಾಗಕ್ಕೆ ಬಂದು ಮಲಗಿದಳು, ನಾನು ಪರದೆ ಎಳೆದೆ. ದೀಪ ಆರಿಸಿದೆ. ಕತ್ತೆ, ಕತ್ತೆ, ಎಂಥ ಕತ್ತೆ. ಅಲ್ಲಿ ಕಣ್ಣು ಬಿಟ್ಟುಕೊಂಡು ಏನಂದುಕೊಂಡಿರಬಹುದು, ಇವರಿಗೆ ನಾನು ಬೇಡ, ಒಬ್ಬರೇ ಇರಬೇಕು ಅನ್ನಿಸಿದೆ, ಅದಕ್ಕೇ ತಂಗಿಗೆ ಉತ್ತರ ಹೇಳಲು ಬಾಯಿ ಬರಲಿಲ್ಲ, ನನ್ನ ಮುಖ ನೋಡಿದಳು, ನಾನು ಫಲಕ ಓದುತ್ತಿದ್ದೆ.

ಕೈ ಏಳುತ್ತದೆ. ಬೀಳುವ ಮೊದಲೇ ಕೂರಬೇಕು, ಮೊಣಕಾಲೇ ಬಾ, ಕೂತೆ, ಬಿತ್ತು, ತೊಡೆಯ ಮೇಲೆ, ತಪ್. ಎಲ್ಲಿಗೆ ಹೋಗಿದ್ರಿ, ಕಣ್ಣು ತೆರೆಯದೆ ಕೇಳುತ್ತಾಳೆ. ಇಲ್ಲೇ ಹಿಂದೆ, ಬನ್ ಸೀಯ್ತಿತ್ತು. ಹೂಂ ಅನ್ನುತ್ತಾಳೆ, ಬನ್ ಸೀದರೆ ಗಂಡ ಹೋಗಲೇಬೇಕು ಅನ್ನುವ ಹಾಗೆ. ಹೇಳಿಬಿಡು, ಈಗ ಹೇಳದಿದ್ದರೆ ಚೀಟಿಯಲ್ಲಿ ಬರೆಯಬೇಕಾದೀತು, ಲೇ, ರೇಡಿಯೋಗೆ ಒಂದೇ ರೂಮು ಸಾಕು ಅಂತ ಹೇಳೇ, ನೀನು ಪಕ್ಕದಲ್ಲಿ ಇರಬೇಕು ನನಗೆ, ನಿದ್ದೆ ಬರಲಿ ಬಿಡಲಿ. ಎಂಜಿನ್ನಿನ ಸದ್ದು. ಮಗು ಅಪ್ಪನ ಹೆಗಲಲ್ಲಿ ಮಲಗಿದೆ. ಕೇಳಿಸಿತೋ ಇಲ್ಲವೋ, ಇನ್ನೊಮ್ಮೆ ಹೇಳಲೇ – ಅಡುಗೆಮನೆ ಪಕ್ಕದ ರೂಮು ಕೇಳ್ತೀನಿ, ಅನ್ನುತ್ತಾಳೆ, ಕಣ್ಣು ಇನ್ನೂ ಮುಚ್ಚಿಯೇ, ಬಾಗಿಲು ತೆಗೆದಿಡಿ, ಪರದೆ ಗಿರದೆ ಏನೂ ಬೇಡ, ದೀಪ ಹಾಕ್ಕೊಂಡೇ ನಾದ್ಕೊಳ್ಳಿ, ನಾನು ನೋಡ್ತಾ ನೋಡ್ತಾ ಮಲಗ್ತೀನಿ. ಎಷ್ಟೊಂದು ಪದ, ಒಂದನ್ನೂ ಉಳಿಸದೆ, ಇಷ್ಟು ಪದ ಒಟ್ಟಿಗೆ ಇವಳು ನನಗೆ ಯಾವತ್ತು ಕೊಟ್ಟಿದ್ದಳು, ಬನ್ ಒಂದು ಕೈಯಲ್ಲಿ ಆರುತ್ತಿದೆ, ಆರಲಿ, ಇನ್ನೊಂದು ಕೈ ಎಲ್ಲಿಡಲಿ, ಬೇಡ, ಏನೂ ಮಾಡಬೇಡ, ತೊಡೆಯ ಮೇಲೆ ಇವಳ ಕೈ ಇದೆ, ಅಂಗೈ ಬಿಚ್ಚಿದ ಕೈ, ಸವರುತ್ತಿಲ್ಲ, ಹುಡುಕುತ್ತಿಲ್ಲ, ಬಿದ್ದ ಕಡೆ ಬಿದ್ದಿದೆ, ಈಗ ಏಳುತ್ತದೆ ಅಂತ ಕಾಯುತ್ತೇನೆ, ಏಳುತ್ತಿಲ್ಲ, ಇನ್ನೂ ಏಳುತ್ತಿಲ್ಲ, ಕೈ, ಇವಳ ಕೈ